ಕೈ ಇಳಿಸಬೇಡಿ

ಮದುವೆ ಮನೆಗಳಲ್ಲಿ ನನ್ನನ್ನು ಯಾರಾದರೂ ‘ಇವರು ಪ್ಲಾಸ್ಟಿಕ್ ಸರ್ಜನ್’ ಅಂತ ಪರಿಚಯ ಮಾಡಿಕೊಟ್ಟರೆ ಸಾಕು, ಹೆಂಗಸರು ಮೂಗು ಮುಟ್ಟಿ ನೋಡಿಕೊಳ್ಳುತ್ತಾರೆ, ಗಂಡಸರು ನೆತ್ತಿ ಸವರಿಕೊಳ್ಳುತ್ತಾರೆ. ‘ಸಿನಿಮಾದವರೆಲ್ಲ ನಿಮ್ಮ ಹತ್ರಾನೇ ಬರ್ತಾರಾ ಮೇಡಂ?’ ಅಂತ ಕೇಳಿದವರೂ ಇದ್ದಾರೆ. ಇಲ್ಲಪ್ಪ, ನಾನು ಮಾಡಿದ್ದು ಹೆಚ್ಚಾಗಿ ಕಂಕುಳು ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಊಟದ ಎಲೆ ಮುಂದೆ ಕೂತು ಕಂಕುಳ ಮಾತು ಯಾರಿಗೆ ಬೇಕು? ಹೋಳಿಗೆ ಚೆನ್ನಾಗಿದೆ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ನನಗೂ ಸಾಕಾಗಿದೆ, ಸುಳ್ಳು ಯಾಕೆ ಹೇಳಲಿ. ದೊಡ್ಡಬಳ್ಳಾಪುರದ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡು ನೋಡಿಕೊಂಡು ನನ್ನ ಕೂದಲು ಬೆಳ್ಳಗಾಯಿತು. ನಿಂತು ನಿಂತು ಕಾಲಿನ ನರ ಉಬ್ಬಿಕೊಂಡಿವೆ, ಬಗ್ಗಿ ಬಗ್ಗಿ ಕತ್ತು ತಿರುಗುವುದಿಲ್ಲ. ನಿವೃತ್ತಿಯಾದ ದಿನ ಶಾಲು ಹೊದಿಸಿ ಹಾರ ಹಾಕಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮನೆಗೆ ಹೋಗಿ ಮಲಗಬೇಕು. ಆದರೆ ನನ್ನ ಜಾಗಕ್ಕೆ ಬಂದ ಹುಡುಗಿ ಬಿಡಲಿಲ್ಲ. ‘ಪುಸ್ತಕದಲ್ಲಿ ಇಲ್ದೆ ಇರೋದನ್ನ ಬರ್ಕೊಡಿ ಮೇಡಂ, ನಮ್ಮ ಬ್ಯಾಚಿನವರೆಲ್ಲ ಓದ್ತೀವಿ’ ಅಂತ ಫೋನಿನ ಮೇಲೆ ಫೋನು. ಹಾಳಾಗಲಿ, ತಗೊಳ್ಳಿ.

ಬೇರೆಲ್ಲ ಬಿಟ್ಟು ಕಂಕುಳೇ ಯಾಕೆ? ಬಟ್ಟೆಗೆ ಬೆಂಕಿ ಹತ್ತಿದವರನ್ನು ನೋಡಿ. ಎರಡೂ ತೋಳನ್ನು ಎದೆಗೆ ಒತ್ತಿ ಮುದುರಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲೂ ಹಾಗೇ ಮುದುರಿ ಮಲಗುತ್ತಾರೆ, ಯಾಕೆಂದರೆ ಹಾಗೆ ಮಲಗಿದರೆ ನೋವು ಕಡಿಮೆ. ಗಾಯ ಮಾಯುತ್ತದೆ, ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ, ಆಮೇಲೆ ನೋಡಿದರೆ ತೋಳು ಪಕ್ಕೆಗೆ ಅಂಟಿಕೊಂಡಿರುತ್ತದೆ. ಬಾತುಕೋಳಿ ಕಾಲಿನ ಬೆರಳುಗಳ ನಡುವೆ ಪೊರೆ ಇರುತ್ತದಲ್ಲ, ಹಾಗೆ ತೋಳಿಗೂ ಎದೆಗೂ ನಡುವೆ ಗಟ್ಟಿ ಚರ್ಮದ ಪಟ್ಟಿ. ಬಳೆ ಹಾಕಿಕೊಳ್ಳಬಹುದು, ಅನ್ನ ಕಲಸಬಹುದು. ತಲೆ ಬಾಚಲು ಆಗುವುದಿಲ್ಲ, ಬಟ್ಟೆ ಒಣಗಹಾಕಲು ಆಗುವುದಿಲ್ಲ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಆಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಇದಕ್ಕೆ ಇದ್ದದ್ದು ಒಂದೇ ದಾರಿ. ಅಂಟಿಕೊಂಡ ಚರ್ಮ ಕತ್ತರಿಸಿ ತೋಳನ್ನು ಬಿಡಿಸುವುದು, ತೊಡೆಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಚರ್ಮ ತೆಗೆದು ಕಂಕುಳಿಗೆ ಹಾಸುವುದು. ಆ ಚರ್ಮಕ್ಕೆ ಒಂದು ಕೆಟ್ಟ ಗುಣ. ಹತ್ತಿಕೊಳ್ಳುತ್ತದೆ, ಆದರೆ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಕುಗ್ಗದ ಹಾಗೆ ತೋಳನ್ನು ಎತ್ತಿಯೇ ಇಡಬೇಕು. ಪ್ಲಾಸ್ಟರಿನ ಪಟ್ಟಿ ಮಾಡಿ, ಬ್ಯಾಂಡೇಜು ಸುತ್ತಿ, ಕೈಯನ್ನು ತಲೆಯ ಮೇಲೆ ಕೂರಿಸಿ ಮನೆಗೆ ಕಳಿಸುತ್ತಿದ್ದೆವು. ಕಳಿಸುವಾಗ ಎಲ್ಲರಿಗೂ ಒಂದೇ ಮಂತ್ರ: ‘ತಲೆ ಮೇಲೆ ಕೈ ಇಟ್ಕೊಂಡೇ ಮಲಗ್ಬೇಕು. ಕೈ ಇಳಿಸಬೇಡಿ.’

ಈಗ ಹೇಳಿ, ನಮ್ಮ ಕಡೆ ತಲೆ ಮೇಲೆ ಕೈ ಹೊತ್ತು ಕೂತರೆ ಏನಾಗುತ್ತದೆ? ತ್ಯಾಮಗೊಂಡ್ಲಿನ ನಮ್ಮ ಮನೆಯಲ್ಲಿ ನಾನು ಪರೀಕ್ಷೆಗೆ ಓದುತ್ತ ಮರೆತು ತಲೆ ಮೇಲೆ ಕೈ ಇಟ್ಟರೆ ಅಮ್ಮ ಒಲೆ ಮುಂದಿನಿಂದ ಸೌಟು ಹಿಡಿದೇ ಓಡಿ ಬರುತ್ತಿದ್ದಳು. ‘ಇಳಿಸೇ ಕೈನ! ಯಾರು ಸತ್ರು ಅಂತ ಹೊತ್ಕೊಂಡು ಕೂತಿದೀಯ?’ ನೀವೂ ಬೈಸಿಕೊಂಡಿರುತ್ತೀರಿ. ಹಾಗಿರುವಾಗ ಒಂದು ಮಗುವಿನ ತಲೆಗೆ ಕೈ ಕಟ್ಟಿ, ಅದನ್ನು ತಿಂಗಳಾನುಗಟ್ಟಲೆ ನಡುಮನೆಯಲ್ಲಿ ಕೂರಿಸಿಕೊಳ್ಳಿ ಅಂತ ಅಜ್ಜಿಯರಿಗೆ ಹೇಳುತ್ತಿದ್ದೆವು. ಅವರು ‘ಆಯ್ತು ಸ್ವಾಮಿ’ ಅನ್ನುತ್ತಿದ್ದರು. ಮನೆಗೆ ಹೋಗಿ ಬಿಚ್ಚುತ್ತಿದ್ದರು. ಮತ್ತೆ ಅಂಟಿಕೊಂಡ ತೋಳು ವಾಪಸ್ಸು ಬರುತ್ತಿತ್ತು. ನಾವು ಗಂಟಲು ಹರಿದುಕೊಳ್ಳುವುದು, ಅವರು ನೆಲ ನೋಡುತ್ತ ನಿಲ್ಲುವುದು. ಇದರಲ್ಲೇ ನನ್ನ ಅರ್ಧ ಆಯಸ್ಸು ಸವೆಯಿತು.

ಆಗ ನಮ್ಮ ವಾರ್ಡಿಗೆ ಯಜಮಾನರು ‘ದೊಡ್ಡ ಡಾಕ್ಟ್ರು’. ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಕೈ ಬಹಳ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಆಪರೇಷನ್ ನಡೆಯುವಾಗ ಕತ್ತರಿ ಒಂದು ಚೂರು ತಡವಾದರೆ ಸಿಸ್ಟರ್‌ಗಳ ಏಳು ತಲೆಮಾರು ಜಾಲಾಡಿಬಿಡುತ್ತಿದ್ದರು. ಹೊರಗೆ ಬಂದು ಅದೇ ಸಿಸ್ಟರ್‌ಗೆ ‘ಊಟ ಆಯ್ತೇನಮ್ಮ?’ ಅಂತ ಕೇಳುತ್ತಿದ್ದರು. ನನ್ನನ್ನು ಕಂಡರೆ ಇಷ್ಟವಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಹೆಂಗಸಾದ ನಾನು ಈ ಕೆಲಸದಲ್ಲಿ ಬಹಳ ದಿನ ಉಳಿಯುವುದಿಲ್ಲ ಅಂದುಕೊಂಡಿದ್ದರು. ಎಷ್ಟೋ ಸಲ ನನಗೂ ಹಾಗೇ ಅನ್ನಿಸಿತ್ತು.

ಅವರ ಕೈಕೆಳಗೆ ನಾನು ಇನ್ನೂ ಚಿಕ್ಕವಳಾಗಿದ್ದಾಗ ಪುಟ್ಟಲಕ್ಷ್ಮಿ ಬಂದಳು. ಮಧುರೆ ಹೋಬಳಿಯ ಒಂದು ಹಳ್ಳಿಯ ರೈತರ ಮನೆ ಮಗು, ಇನ್ನೂ ಹಲ್ಲು ಬೀಳುವ ವಯಸ್ಸು. ನೀರೊಲೆ ಮುಂದೆ ಆಡುತ್ತಿದ್ದವಳ ಲಂಗಕ್ಕೆ ಬೆಂಕಿ ಹತ್ತಿತ್ತು. ತಾಯಿ ಓಡಿ ಬಂದು ತಬ್ಬಿಕೊಂಡು ಆರಿಸಲು ಹೋಗಿ ತಾನೇ ಹೊತ್ತಿಕೊಂಡಳು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಮಗುವಿನ ಬಲ ತೋಳು ಪಕ್ಕೆಗೆ ಅಂಟಿಕೊಂಡಿತು. ದೊಡ್ಡ ಡಾಕ್ಟ್ರು ಆಪರೇಷನ್ ಮಾಡಿದರು, ನಾನು ಆ ತೋಳು ಎತ್ತಿ ಹಿಡಿದು ನಿಂತೆ. ಚರ್ಮ ಚೊಕ್ಕಟವಾಗಿ ಹತ್ತಿಕೊಂಡಿತು. ತಲೆ ಮೇಲೆ ಕೈ ಕಟ್ಟಿ ಕಳಿಸಿದೆವು.

ಮತ್ತೆ ಬಂದಾಗ ತೋಳು ಮೊದಲಿಗಿಂತ ಬಿಗಿಯಾಗಿ ಅಂಟಿತ್ತು. ದೊಡ್ಡ ಡಾಕ್ಟ್ರು ಕೆಂಡವಾದರು. ‘ಕಟ್ಟು ಬಿಚ್ಚಿದ್ದು ಯಾರಯ್ಯ?’ ಅಂತ ಅಪ್ಪನ ಮೇಲೆ ಎಗರಿದರು. ಅಪ್ಪ ಟವೆಲ್ ಹಿಂಡುತ್ತ, ‘ಮಗೀನೇ ಬಿಚ್ಕೊಂಡ್ಬಿಟ್ಟೈತೆ ಸಾ, ನೋವು ತಡೀನಾರದೆ’ ಅಂದ. ಮಗು ತಲೆ ತಗ್ಗಿಸಿ ನಿಂತಿತ್ತು. ಇಲ್ಲ ಅನ್ನಲಿಲ್ಲ, ಅಳಲೂ ಇಲ್ಲ. ‘ಇನ್ನೊಂದ್ಸಲ ಮಾಡೋಣ, ಕರ್ಕೊಂಬನ್ನಿ’ ಅಂತ ನಾನು ಹೊರಗೆ ಬಂದು ಹೇಳಿದೆ. ಬರಲಿಲ್ಲ. ಬೈಸಿಕೊಂಡವರು ವಾಪಸ್ಸು ಬರುವುದು ಕಡಿಮೆ, ಇದನ್ನು ನೆನಪಿಟ್ಟುಕೊಳ್ಳಿ.

ದೊಡ್ಡ ಡಾಕ್ಟ್ರಿಗೂ ಈ ವಾಪಸ್ಸು ಬರುವ ತೋಳುಗಳು ಬೇಸರ ತಂದಿದ್ದವು. ಆಗ ಶುರುವಾಯಿತು ಫ್ಲ್ಯಾಪಿನ ಕೆಲಸ. ಫ್ಲ್ಯಾಪ್ ಅಂದರೆ ತೆಳ್ಳಗಿನ ಸಿಪ್ಪೆಯಲ್ಲ. ಚರ್ಮ, ಅದರಡಿಯ ಕೊಬ್ಬು, ಅದಕ್ಕೆ ರಕ್ತ ತರುವ ನಾಳ, ಮೂರನ್ನೂ ಒಟ್ಟಿಗೆ ಎತ್ತಿ ಪಕ್ಕಕ್ಕೆ ತಿರುಗಿಸಿ ಕೂರಿಸುವುದು. ಬುಡ ಕತ್ತರಿಸುವುದಿಲ್ಲವಾದ್ದರಿಂದ ಅದು ತನ್ನ ಊಟವನ್ನು ತಾನೇ ಕಟ್ಟಿಕೊಂಡು ಬರುತ್ತದೆ. ಮುಖ್ಯವಾಗಿ, ಅದು ಕುಗ್ಗುವುದಿಲ್ಲ.

ಶುರುವಿನಲ್ಲಿ ಎಡವಟ್ಟುಗಳೂ ಆದವು. ನೆಲಮಂಗಲ ಕಡೆಯ ಒಬ್ಬ ಮೇಷ್ಟ್ರಿಗೆ ದೊಡ್ಡ ಡಾಕ್ಟ್ರು ಕಂಕುಳ ಪಕ್ಕದ ಚರ್ಮವನ್ನೇ ಆಚೀಚೆ ತಿರುಗಿಸಿ ಹೊಲಿದರು. ಎಷ್ಟೇ ಸುಟ್ಟರೂ ಕಂಕುಳ ಗುಳಿಯೊಳಗೆ ಒಂದಿಷ್ಟು ಒಳ್ಳೆಯ ಚರ್ಮ, ಕೂದಲಿನ ಸಮೇತ, ಉಳಿದಿರುತ್ತದೆ. ತಿರುಗಿಸುವ ಭರದಲ್ಲಿ ಅದು ತೋಳಿನ ಮುಂಭಾಗಕ್ಕೆ ಬಂದು ಕೂತಿತು. ಕೈ ಚೆನ್ನಾಗಿ ಎದ್ದಿತು, ಮೇಷ್ಟ್ರು ಕೈಮುಗಿದು ಹೋದರು. ಕೆಲವು ತಿಂಗಳ ಮೇಲೆ ಬಂದು ಅರ್ಧ ತೋಳಿನ ಅಂಗಿ ಸರಿಸಿ ತೋರಿಸಿದರು. ತೋಳಿನ ಮೇಲೆ ಪೊದೆಯಂಥ ಕೂದಲು. ‘ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದ್ರೆ ಹುಡುಗ್ರು ನಗ್ತಾವೆ ಸಾರ್. ಗಡ್ಡ ಕೆರೆಯುವಾಗ ಇದನ್ನೂ ಕೆರ್ಕೋತಾ ಇದೀನಿ’ ಅಂದರು. ದೊಡ್ಡ ಡಾಕ್ಟ್ರು ಮೀಸೆಯಡಿ ನಗು ನುಂಗಿಕೊಂಡು ನನ್ನ ಕಡೆ ತಿರುಗಿ, ‘ಏನಮ್ಮ, ಗುಳಿಯೊಳಗಿನ ಚರ್ಮ ಮುಟ್ಟಬಾರದು, ಇದ್ದಲ್ಲೇ ಬಿಡಬೇಕು. ತಿಳ್ಕೊಂಡ್ಯಾ?’ ಅಂದರು. ತಪ್ಪು ಮಾಡಿದ್ದು ನಾನೇ ಅನ್ನುವ ಹಾಗೆ! ನೀವೂ ತಿಳಿದುಕೊಳ್ಳಿ, ಗುಳಿಯ ಚರ್ಮ ಮುಟ್ಟಬೇಡಿ.

ಅದಾದ ಮೇಲೆ ನಾವು ಬೆನ್ನಿನ ಕಡೆ ತಿರುಗಿದೆವು. ಹೆಗಲ ಮೂಳೆಯ ಪಕ್ಕದ ಚರ್ಮ ಒಳ್ಳೆಯದು. ದಪ್ಪಗಿದೆ, ಕೂದಲಿಲ್ಲ, ಬೆಂಕಿ ಅಲ್ಲಿಗೆ ಅಷ್ಟಾಗಿ ತಲುಪಿರುವುದಿಲ್ಲ, ಕಂಕುಳಿಗೆ ಹತ್ತಿರ. ತೆಗೆದ ಜಾಗವನ್ನು ಎಳೆದು ಹೊಲಿದುಬಿಡಬಹುದು. ಆ ಚರ್ಮಕ್ಕೆ ಬರುವ ರಕ್ತನಾಳವನ್ನು ದೊಡ್ಡ ಡಾಕ್ಟ್ರು ಬೆರಳಲ್ಲಿ ಒತ್ತಿ ಅಂದಾಜು ಮಾಡುತ್ತಿದ್ದರು. ಆಮೇಲೆ ಪೆನ್ನಿನಂಥ ಡಾಪ್ಲರ್ ಬಂತು. ಬೆನ್ನ ಮೇಲೆ ಇಟ್ಟು ಸರಿಸುತ್ತ ಹೋದರೆ ನಾಳ ಇರುವಲ್ಲಿ ಸುಂಯ್ ಸುಂಯ್ ಅನ್ನುತ್ತದೆ. ಅಲ್ಲೊಂದು ಗುರುತು ಹಾಕಿ ಶುರುಮಾಡುವುದು. ನೀವು ಅದಿಲ್ಲದೆ ಕತ್ತಿ ಎತ್ತುವುದಿಲ್ಲ, ಒಳ್ಳೆಯದೇ.

ಸುಟ್ಟವರು ಮಾತ್ರ ಅಂತಲ್ಲ. ದೇವನಹಳ್ಳಿ ಕಡೆಯ ಒಬ್ಬ ಕ್ಯಾಬ್ ಡ್ರೈವರ್ ಬಂದಿದ್ದ. ಎರಡೂ ಕಂಕುಳಲ್ಲಿ ವರ್ಷಗಳಿಂದ ಕುರು. ಒಡೆಯುವುದು, ಸೋರುವುದು, ಮಾಯುವುದು, ಪಕ್ಕದಲ್ಲಿ ಮತ್ತೆ ಏಳುವುದು. ಕೀವಿನ ವಾಸನೆಗೆ ಹೆದರಿ ಕಾರಿನಲ್ಲಿ ಮೂರು ಬಗೆಯ ಸೆಂಟು ಇಟ್ಟಿದ್ದ. ‘ಏರ್‌ಪೋರ್ಟಿಂದ ಹತ್ತಿದ ಪ್ಯಾಸೆಂಜರ್ ಕಿಟಕಿ ಇಳಿಸಿದ್ರೆ ನನಗೆ ಜೀವ ಹೋದಂಗಾಗುತ್ತೆ ಮೇಡಂ’ ಅಂದ. ಕುರುವಿನ ಬೇರೆಲ್ಲ ಕೆತ್ತಿ ತೆಗೆದು, ಒಂದಾದ ಮೇಲೆ ಒಂದರಂತೆ ಎರಡೂ ಕಡೆ ಬೆನ್ನಿನ ಚರ್ಮ ಕೂರಿಸಿದೆ. ವಾಸಿಯಾಗಿ ಬಂದವನು ನನ್ನ ಮೇಲೆ ಹೊಸ ದೂರು ತಂದ: ‘ಕಂಕುಳು ಕೆರ್ಕೊಂಡ್ರೆ ಬೆನ್ನು ಕೆರ್ದಂಗಾಗುತ್ತೆ ಮೇಡಂ, ಏನ್ ಮಾಯ ಇದು!’ ಆಗುತ್ತದೆ ಮಾರಾಯ, ಚರ್ಮ ತನ್ನ ಹಳೇ ಊರನ್ನು ಇನ್ನೂ ಮರೆತಿಲ್ಲ, ಸ್ವಲ್ಪ ದಿನ ಕೊಡು ಅಂದೆ. ಜೋರಾಗಿ ನಕ್ಕ. ಅಂಥ ದಿನ ಒಂದೊಂದು ಸಿಕ್ಕಿದ್ದರಿಂದಲೇ ನಾನು ಕೆಲಸ ಬಿಡದೆ ಉಳಿದದ್ದು.

ದೊಡ್ಡ ಡಾಕ್ಟ್ರು ನಿವೃತ್ತರಾಗಿ, ನಾನೇ ವಾರ್ಡಿನ ಯಜಮಾನಿಯಾಗಿ, ನನ್ನ ನಾಲಿಗೆಯೂ ಅವರ ನಾಲಿಗೆಯಂತೆಯೇ ಆಗಿತ್ತು. ಒಂದು ದಿನ ಓಪಿಡಿಯಲ್ಲಿ ಒಬ್ಬಳು ಬೆಳೆದ ಹೆಣ್ಣುಮಗಳು ಬಂದು ಕೂತಳು. ದುಪಟ್ಟಾ ಬಲಗಡೆಗೆ ಹೊದ್ದಿದ್ದಳು. ಪಕ್ಕದಲ್ಲಿ ಬೆನ್ನು ಬಾಗಿದ ಒಂದು ಅಜ್ಜಿ. ‘ಗುರುತು ಸಿಕ್ತಾ ಮೇಡಂ? ನಾನು ಪುಟ್ಟಲಕ್ಷ್ಮಿ’ ಅಂದಳು. ಗಾಯದ ಗುರುತು ನೋಡಿದ ಮೇಲೆಯೇ ನನಗೆ ನೆನಪಾಗಿದ್ದು. ನಮ್ಮ ವೃತ್ತಿಯಲ್ಲಿ ಮುಖ ಮರೆತುಹೋಗುತ್ತದೆ, ಕಲೆ ಮರೆಯುವುದಿಲ್ಲ.

ಗಾರ್ಮೆಂಟ್ಸ್‌ಗೆ ಸೇರಿದ್ದಳಂತೆ. ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ ಬ್ರೇಕ್ ಹಾಕಿದಾಗ ಬಿದ್ದು ಹಲ್ಲು ಮುರಿದುಕೊಂಡು ಕೆಲಸ ಬಿಟ್ಟಿದ್ದಳು. ಆದರೆ ಅವಳು ಬಂದದ್ದು ಅದಕ್ಕಲ್ಲ. ‘ನನ್ನ ಜಡೆ ನಾನೇ ಹಾಕ್ಕೋಬೇಕು ಮೇಡಂ’ ಅಂದಳು. ಇಷ್ಟು ವರ್ಷ ದಿನಾ ಬೆಳಿಗ್ಗೆ ಅಜ್ಜಿಯೇ ಜಡೆ ಹೆಣೆದದ್ದು. ಈಗ ಅಜ್ಜಿಗೆ ಕಣ್ಣು ಮಂಜು, ಬೆರಳು ನಡುಗುತ್ತದೆ. ಅವತ್ತು ಜಡೆ ಸೊಟ್ಟಗೆ ಒಂದು ಕಡೆ ವಾಲಿತ್ತು. ಅಜ್ಜಿ ಪಕ್ಕದಿಂದ, ‘ನಾನು ಗಟ್ಟಿಯಾಗಿರೋವಾಗ್ಲೇ ಇವಳ ಕೈ ಸರಿ ಮಾಡ್ಕೊಟ್ಬಿಡು ಡಾಕ್ಟ್ರಮ್ಮ. ಆವಾಗ ನಿಮ್ ಆಪರೇಸನ್ನು ಸರೀಗಾಗ್ಲಿಲ್ಲ’ ಅಂತು.

ನನಗೆ ರೇಗಿತು. ಸರಿಯಾಗಲಿಲ್ಲವಂತೆ! ಕಟ್ಟು ಬಿಚ್ಚಿದವರು ಇವರು. ಬಾಯಿಗೆ ಬಂದ ಮಾತನ್ನು ತಡೆದು, ಪರೀಕ್ಷೆ ಮಾಡುವ ನೆಪದಲ್ಲಿ ಹುಡುಗಿಯನ್ನು ಒಳಗೆ ಕರೆದೆ. ‘ಯಾಕೇ ಬಿಚ್ಕೊಂಡೆ ಆವಾಗ? ನೋವಿತ್ತಾ?’ ಅಂತ ಕೇಳಿದೆ.

‘ನಾನ್ ಬಿಚ್ಲಿಲ್ಲ ಮೇಡಂ’ ಅಂದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ‘ಅಜ್ಜಿ ಬಿಚ್ತಿದ್ಲು. ಸಂಜೆ ದೀಪ ಹಚ್ಚೋ ಹೊತ್ತಿಗೆ ತಲೆ ಮೇಲೆ ಕೈ ಇರಬಾರ್ದು ಅಂತ. ಅಮ್ಮ ಹೋಗಿ ಇನ್ನೂ ಸ್ವಲ್ಪ ದಿನ ಆಗಿತ್ತಲ್ಲ, ನನಗೂ ಏನಾದ್ರೂ ಆಗ್ಬಿಟ್ರೆ ಅಂತ ಭಯ ಅವಳಿಗೆ. ಕೈ ಇಳಿಸಿ, ತಬ್ಕೊಂಡು ಮಲಗಿಸ್ಕೋತಿದ್ಲು. ಬೆಳಿಗ್ಗೆ ಎದ್ದು, ಡಾಕ್ಟ್ರು ಹೇಳವ್ರೆ ಅಂತ ಮತ್ತೆ ಕಟ್ತಿದ್ಲು.’

ದಿನಾ ರಾತ್ರಿ ಇಳಿಸಿದರೆ ಸಾಕು, ಆ ಚರ್ಮಕ್ಕೆ ಅಷ್ಟೇ ಬೇಕಾಗಿದ್ದದ್ದು. ‘ಅದರಿಂದಲೇ ಹಿಂಗಾಗಿದ್ದು ಅಂತ ನಿನಗೆ ಗೊತ್ತಾ?’ ಅಂದೆ.

‘ದೊಡ್ಡವಳಾದ್ಮೇಲೆ ಗೊತ್ತಾಯ್ತು. ಅಜ್ಜಿಗೆ ಗೊತ್ತಿಲ್ಲ. ಅಪ್ಪ ನನ್ ಮೇಲೆ ಹಾಕ್ಬಿಟ್ರಲ್ಲ, ಅಜ್ಜಿಗೆ ಬೈಗುಳ ಬೀಳ್ಬಾರ್ದು ಅಂತ. ಅಪ್ಪಾನೂ ಈಗಿಲ್ಲ.’

‘ಹಂಗಾದ್ರೆ ಈಗ ಹೇಳ್ಬೇಕು ಕಣೇ. ಮತ್ತೆ ಇಳಿಸಿದ್ರೆ?’ ಅಂತ ನಾನು ಏಳುತ್ತಿದ್ದೆ. ಅವಳು ಎಡಗೈಯಲ್ಲಿ ನನ್ನ ಕೋಟು ಹಿಡಿದುಕೊಂಡಳು. ‘ಬೇಡ ಮೇಡಂ, ದಮ್ಮಯ್ಯ. ನನ್ನ ಸಾಕಿರೋದು ಅವಳು. ನನ್ನಿಂದ್ಲೇ ಇವಳ ಕೈ ಹೋಯ್ತು ಅಂತ ಗೊತ್ತಾದ್ರೆ ಅವತ್ತೇ ಸಾಯ್ತಾಳೆ. ಹೇಳೋದಾದ್ರೆ ನನಗೆ ಆಪರೇಷನ್ನೇ ಬೇಡ.’

ಏಳಲು ಹೋದವಳು ಮತ್ತೆ ಕೂತೆ. ಎಷ್ಟು ವರ್ಷಗಳಿಂದ ಅಜ್ಜಿಯರ ಮೇಲೆ ಕೂಗಾಡಿದ್ದೆ! ಅಂಟಿದ ತೋಳು ಹೊತ್ತುಕೊಂಡೇ ಒಂದು ಮಗು ಈ ಗುಟ್ಟು ಕಾದುಕೊಂಡು ಬಂದಿತ್ತು. ‘ಹೇಳಲ್ಲ, ಹೋಗು’ ಅಂದೆ.

ಈಗ ನನ್ನ ಮುಂದಿದ್ದ ಲೆಕ್ಕ ಬೇರೆ. ಆ ಅಜ್ಜಿ ಮನೆಗೆ ಹೋದ ಮೇಲೆ ಕೈ ಇಳಿಸಿದರೂ ಕೆಡದಂಥ ಆಪರೇಷನ್ ಮಾಡಬೇಕು. ತೆಳು ಚರ್ಮ ನೆಚ್ಚಿಕೊಳ್ಳುವ ಹಾಗಿಲ್ಲ, ಪೂರ್ತಿ ಫ್ಲ್ಯಾಪೇ ಆಗಬೇಕು. ಅವಳ ಬೆನ್ನು ತಿರುಗಿಸಿ ನೋಡಿದೆ. ದೇವರ ದಯೆ, ಹೆಗಲ ಮೂಳೆಯ ಪಕ್ಕ ಚರ್ಮ ಚೆನ್ನಾಗಿತ್ತು. ಡಾಪ್ಲರ್ ಇಟ್ಟರೆ ಸದ್ದು ಗಟ್ಟಿಯಾಗಿ ಬಂತು. ಆದರೂ ಫ್ಲ್ಯಾಪು ಸತ್ತರೆ ಬೆನ್ನೂ ಹೋಯಿತು, ಕಂಕುಳೂ ಹೋಯಿತು, ಮೂರನೇ ಸಲ ಅಂತ ಅವಳು ಬರುವುದಿಲ್ಲ. ನಿವೃತ್ತಿ ಹತ್ತಿರ ಬಂದಿತ್ತು, ಕೈ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಬೇರೆ ಯಾರಿಗಾದರೂ ಒಪ್ಪಿಸಿಬಿಡಲೇ ಅಂತಲೂ ಯೋಚಿಸಿದೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಪರೇಷನ್ ಸಲೀಸಾಗಿಯೇ ಆಯಿತು. ಅಂಟಿದ್ದ ಪಟ್ಟಿ ಬಿಡಿಸುತ್ತಿದ್ದಂತೆ ತೋಳು ಮೇಲೆದ್ದಿತು. ಕಂಕುಳಲ್ಲಿ ಅಂಗೈಗಿಂತ ದೊಡ್ಡ ಗುಂಡಿ. ಗುಳಿಯೊಳಗಿನ ಒಳ್ಳೆಯ ಚರ್ಮ ಇದ್ದಲ್ಲೇ ಬಿಟ್ಟು, ಬೆನ್ನಿನಿಂದ ಎಲೆಯ ಆಕಾರದಲ್ಲಿ ಚರ್ಮ ಎತ್ತಿ, ನಾಳ ತಿರುಚದ ಹಾಗೆ ಒಳಗಿನಿಂದ ತಂದು ಕೂರಿಸಿದೆ. ಸ್ವಲ್ಪ ಬಿಗಿ ಅನ್ನಿಸಿತು. ನಾಳೆ ನೋಡೋಣ ಅಂದುಕೊಂಡು ತೋಳನ್ನು ದಿಂಬುಗಳ ಮೇಲೆ ಎತ್ತಿಟ್ಟು, ಮುಂಗೈ ತಲೆಯ ಬಳಿ ಬರುವ ಹಾಗೆ ಮಲಗಿಸಿದೆ. ಫ್ಲ್ಯಾಪಿಗೆ ತಿಂಗಳುಗಟ್ಟಲೆ ಕೈ ಎತ್ತಿಡಬೇಕಿಲ್ಲ, ಆದರೆ ಮೊದಲ ದಿನಗಳು ಕೈ ಇಳಿದು ಬುಡದ ನಾಳ ಅಮುಕಿದರೆ ಮುಗಿಯಿತು. ಆ ಅಜ್ಜಿ ವಾರ್ಡಿನಲ್ಲೇ ಇತ್ತು. ಬೇರೆ ಯಾರೂ ನೋಡಿಕೊಳ್ಳುವವರಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ, ಹೊರಗಿನವರು ನೋಡಲು ಬರುವ ಹೊತ್ತು, ಸಿಸ್ಟರ್ ಫೋನ್ ಮಾಡಿದಳು. ‘ಮೇಡಂ, ಫ್ಲ್ಯಾಪಿನ ತುದಿ ನೀಲಿಗೆ ತಿರುಗ್ತಾ ಇದೆ.’ ಇಳಿಸಿಬಿಟ್ಟಿತು ಮುದುಕಿ, ಅಂದುಕೊಂಡೆ. ಮೆಟ್ಟಿಲು ಹತ್ತುವಾಗಲೇ ಬೈಗುಳ ಜೋಡಿಸಿಕೊಂಡೆ. ಹುಡುಗಿಗೆ ಕೊಟ್ಟ ಮಾತೂ ಬೇಡ, ಏನೂ ಬೇಡ, ಇವತ್ತು ಎಲ್ಲ ಹೇಳಿಯೇಬಿಡುತ್ತೇನೆ ಅಂತ ಒಳಗೆ ನುಗ್ಗಿದೆ.

ಕೈ ನಾನು ಇಟ್ಟಲ್ಲೇ ಇತ್ತು. ಒಂದು ದಿಂಬೂ ಸರಿದಿರಲಿಲ್ಲ. ಅಜ್ಜಿ ಮಂಚದ ಪಕ್ಕದ ಸ್ಟೂಲಿನಲ್ಲಿ ಮೊಮ್ಮಗಳಿಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂತಿತ್ತು. ಎಡಗೈಯನ್ನು ಮಾತ್ರ ಹಿಂದಕ್ಕೆ ಚಾಚಿ ಹುಡುಗಿಯ ಕಾಲಿನ ಮೇಲೆ ಇಟ್ಟಿತ್ತು. ‘ನಾನ್ ಮುಟ್ಟಿಲ್ಲ ಕಣವ್ವ’ ಅಂತ ನನ್ನ ಮುಖ ನೋಡುವ ಮೊದಲೇ ಅಂತು. ಜೋಡಿಸಿಕೊಂಡಿದ್ದ ಬೈಗುಳ ಬಿಟ್ಟು ಕಟ್ಟು ಸರಿಸಿ ನೋಡಿದೆ.

ತುದಿ ನಿಜಕ್ಕೂ ನೀಲಿಯಾಗಿತ್ತು. ರಕ್ತ ಒಳಗೆ ಹೋಗುತ್ತಿದೆ, ವಾಪಸ್ಸು ಬರುತ್ತಿಲ್ಲ. ನನ್ನ ಹೊಲಿಗೆಯೇ ಬಿಗಿಯಾಗಿತ್ತು. ಅಲ್ಲೇ ಮಂಚದ ಮೇಲೆ ತುದಿಯ ಹೊಲಿಗೆಗಳನ್ನು ಬಿಚ್ಚಿದೆ. ಒಳಗೆ ಹೆಪ್ಪುಗಟ್ಟಿದ್ದ ಕಪ್ಪು ರಕ್ತ ಹೊರಗೆ ಬಂತು. ಸೂಜಿಯಿಂದ ಚುಚ್ಚಿದೆ, ಕಪ್ಪಗೇ ಬಂತು. ಕಾದೆ. ಪುಟ್ಟಲಕ್ಷ್ಮಿ ಕಣ್ಣುಮುಚ್ಚಿ, ‘ಹೋಯ್ತಾ ಮೇಡಂ?’ ಅಂದಳು. ‘ಇರು’ ಅಂದೆ. ಇನ್ನೊಮ್ಮೆ ಚುಚ್ಚಿದಾಗ ಸ್ವಲ್ಪ ಕೆಂಪಾಗಿ ಬಂತು. ಸಂಜೆ ಹೊತ್ತಿಗೆ ನೀಲಿ ಕರಗಿ ಒಂದು ಅಂಚಿನಲ್ಲಿ ಮಾತ್ರ ಉಳಿಯಿತು. ನಾನು ಮನೆಗೆ ಹೋಗದೆ ಅಲ್ಲೇ ಕುರ್ಚಿಯಲ್ಲಿ ಕೂತೆ. ಸೊಂಟ ಬಿದ್ದುಹೋಗಿತ್ತು. ದೀಪ ಹಾಕುವ ಹೊತ್ತಾಯಿತು. ಅಜ್ಜಿ ಎದ್ದು, ಮೊಮ್ಮಗಳ ಕಡೆ ನೋಡದೆ, ಸೆರಗು ಮುಖಕ್ಕೆ ಒತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಿತು. ವಾರ್ಡಿನಲ್ಲಿ ಇದ್ದಷ್ಟು ದಿನವೂ ಆ ಹೊತ್ತಿಗೆ ಹಾಗೇ ಮಾಡುತ್ತಿತ್ತು ಅಂತ ಸಿಸ್ಟರ್ ಆಮೇಲೆ ಹೇಳಿದಳು. ಕಾಲು ನೋವಿರಬೇಕು, ಗಾಳಿಗೆ ಹೋಗುತ್ತದೆ ಅಂದುಕೊಂಡಿದ್ದೆವು.

ಅಂಚು ಕಪ್ಪಾಗಿ ಉದುರಿತು, ಉಳಿದದ್ದು ಬದುಕಿತು. ಉದುರಿದ ಕಡೆ ಡ್ರೆಸ್ಸಿಂಗಿನಲ್ಲೇ ಮಾಯಿತು. ವಾರ್ಡಿನಿಂದ ಹೋಗುವ ದಿನ ನಾನು ಹಳೇ ಮಂತ್ರ ಹೇಳಲಿಲ್ಲ. ‘ದಿನಾ ಬಟ್ಟೆ ನೀನೇ ತಂತಿ ಮೇಲೆ ಹಾಕು. ಶೆಲ್ಫಿನ ಮೇಲಿಂದ ಡಬ್ಬ ತೆಗೆಯೋದು, ಇಡೋದು ನೀನೇ ಮಾಡು’ ಅಂದೆ. ಅದರಲ್ಲಿ ಯಾವ ಅಪಶಕುನವೂ ಇಲ್ಲ, ಕೈಯೂ ಮೇಲೇ ಹೋಗುತ್ತದೆ. ಈ ಒಂದು ಮಾತು ಹೊಳೆಯಲು ನನಗೆ ಇಡೀ ಸರ್ವೀಸು ಬೇಕಾಯಿತು. ನೀವು ಮೊದಲ ದಿನದಿಂದಲೇ ಹಾಗೆ ಹೇಳಿ.

ಕೆಲವು ತಿಂಗಳ ಮೇಲೆ ಇಬ್ಬರೂ ಕೊನೆಯ ತಪಾಸಣೆಗೆ ಬಂದರು. ಪುಟ್ಟಲಕ್ಷ್ಮಿ ಕೂತಲ್ಲೇ ಎರಡೂ ಕೈ ಹಿಂದಕ್ಕೆ ಒಯ್ದು ಜಡೆ ಬಿಚ್ಚಿದಳು, ಮತ್ತೆ ಹೆಣೆದಳು. ನೇರವಾದ ಜಡೆ. ನೋಡಿ ನನ್ನ ಕಣ್ಣು ತುಂಬಿತು, ಫೈಲಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಫೋಟೋ ತೆಗೆಸಿಕೊಂಡು ಬಾ ಅಂತ ಅವಳನ್ನು ಪಕ್ಕದ ರೂಮಿಗೆ ಕಳಿಸಿದೆ. ಅಜ್ಜಿ ಹೋಗಲಿಲ್ಲ. ಬಾಗಿಲು ಮುಚ್ಚುವವರೆಗೂ ಕಾಯುತ್ತಿತ್ತು.

‘ಡಾಕ್ಟ್ರಮ್ಮ, ಒಂದು ಮಾತು ಕೇಳ್ತೀನಿ, ಬೈಬೇಡ’ ಅಂತು.

‘ಕೇಳಜ್ಜಿ.’

‘ಆಪರೇಸನ್ನಿಗೆ ಸೇರ್ಸಿದ್ ದಿನ, ಪಕ್ಕದ ಮಂಚದಲ್ಲಿ ಒಂದ್ ಮಗು ಇತ್ತಲ್ಲ, ಅದರವ್ವ ಅದರ ಕೈ ಕೆಳಗಿಳ್ಸಿದ್ಲು. ಸಿಸ್ಟ್ರಮ್ಮ ಬಂದು ಬೈದ್ಲು. ಒಂದ್ ರಾತ್ರಿ ಇಳ್ಸಿದ್ರೂ ಅಂಟ್ಕೊಳ್ಳಕ್ಕೆ ಶುರುವಾಗ್ತದೆ, ಆಮೇಲೆ ಜನ್ಮೆಲ್ಲ ಹಂಗೇ, ಅಂತ.’ ಅಜ್ಜಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿತ್ತು. ‘ನಾನು ಅವಾಗ ದಿನಾ ಇಳ್ಸಿದ್ದೆ ಕಣವ್ವ. ಮುಚ್ಚಂಜೆ ಹೊತ್ನಲ್ಲಿ. ಅವರವ್ವ ಹೋಗವ್ಳೆ, ಇದೂ ಎಲ್ಲಿ ಹೋಗ್ಬುಡ್ತದೋ ಅಂತ. ನನಗೆ ತಿಳೀಲಿಲ್ಲ. ಈ ಸಲ ನೋಡಿದ್ರೆ ನನ್ ಕೈ ತಡೀನಾರ್ದು ಅಂತ ಆಚೆ ಹೋಗಿ ಕೂತ್ಕೋತಿದ್ದೆ.’

ಪಕ್ಕದ ರೂಮಿನಲ್ಲಿ ಫೋಟೋ ತೆಗೆಯುವವನು ‘ಇನ್ನೂ ವಸಿ ಮೇಲೆ ಎತ್ತಿ’ ಅನ್ನುತ್ತಿದ್ದ.

‘ಆ ಮಗೀಗೆ ಗೊತ್ತೈತಾ, ನಾನೇ ಅಂತ?’

‘ಇಲ್ಲಜ್ಜಿ’ ಅಂದೆ. ‘ಗೊತ್ತಿಲ್ಲ.’

‘ನಿಜ್ವಾಗ್ಲೂ?’

‘ನಿಜ. ಚಿಕ್ಕ ಮಗು ಅಲ್ವಾ ಆವಾಗ, ಅದಕ್ಕೇನು ನೆನಪಿರುತ್ತೆ?’

ಅಜ್ಜಿ ನಿಟ್ಟುಸಿರು ಬಿಟ್ಟಿತು. ‘ಸದ್ಯ, ಅಷ್ಟ್ ಮಾಡವ್ವ, ಹೇಳ್ಬೇಡ’ ಅನ್ನುತ್ತ ಕೂತಲ್ಲೇ ಅಳಲು ಶುರುಮಾಡಿತು, ಸದ್ದಿಲ್ಲದೆ, ಮುಖ ಮಾತ್ರ ಒದ್ದೆಯಾಗುತ್ತ. ಅಷ್ಟರಲ್ಲಿ ಬಾಗಿಲು ತೆರೆದು ಪುಟ್ಟಲಕ್ಷ್ಮಿ ಒಳಗೆ ಬಂದಳು.

‘ಏನಜ್ಜಿ, ಯಾಕೆ? ಏನಾಯ್ತು?’

‘ಏನಿಲ್ಲ ಕಣೇ’ ಅಂತ ಅಜ್ಜಿ ಸೆರಗಿನಿಂದ ಕೆನ್ನೆ ಒರೆಸಿಕೊಂಡಿತು. ‘ಕಣ್ಣು ಮಂಜು ಅಂದಿದ್ನಲ್ಲ, ಡಾಕ್ಟ್ರಮ್ಮ ಔಷ್ದಿ ಬಿಟ್ರು.’

ನನ್ನ ಮೇಜಿನ ಮೇಲೆ ಸ್ಟೆತಸ್ಕೋಪು, ಒಂದು ಫೈಲು, ಅಳತೆ ಟೇಪು, ಇಷ್ಟು ಬಿಟ್ಟರೆ ಏನೂ ಇರಲಿಲ್ಲ. ಪುಟ್ಟಲಕ್ಷ್ಮಿ ಮೇಜು ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು.

‘ಹೂಂ, ಬಿಟ್ಟೆ’ ಅಂದೆ. ‘ಉರಿಯುತ್ತೆ ಸ್ವಲ್ಪ ಹೊತ್ತು. ಕೈ ಹಿಡ್ಕೊಂಡು ಕರ್ಕೊಂಡು ಹೋಗು.’